ತೋಳಿಗೆ ಸುತ್ತದ ಪಟ್ಟಿ

ಚಹಾ ತುಟಿಯ ಬಲ ಅಂಚಿನಿಂದ ಜಾರಿ ಅವ್ವನ ಗದ್ದಕ್ಕೆ ಇಳಿಯಿತು. ಅವಳಿಗೆ ಗೊತ್ತಾಗಲಿಲ್ಲ. ಏನೋ ಹೇಳಹೋದಳು, ಬಾಯಿ ಸೊಟ್ಟಗಾಗಿ ನಾಲಿಗೆ ತೊದಲಿತು. ಐದು ನಿಮಿಷದಲ್ಲಿ ಬಾಯಿ ನೆಟ್ಟಗಾಯಿತು. ಸೆರಗಿನಿಂದ ಒರೆಸಿಕೊಂಡು ನಕ್ಕಳು.

“ಹಿಂಗ್ಯಾಕ ನೋಡಾಕತ್ತಿ, ದೆವ್ವ ಕಂಡಂಗ?”

ವಿಶ್ವವಿದ್ಯಾಲಯದ ಪರೀಕ್ಷೆ ಮುಗಿಸಿ ನಾನು ಹಿಂದಿನ ದಿನವಷ್ಟೇ ಬಂದಿದ್ದೆ. ಸುರಪುರದ ಕಡೆಯ ನಮ್ಮ ಊರಿಗೆ ಕಾಲುವೆ ನೀರು ಬಂದಾಗಿನಿಂದ ಅವ್ವ ವರ್ಷಕ್ಕೆರಡು ಸಲ ಗೌಡರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುತ್ತಿದ್ದಳು.

“ಬಿಪಿ ತೋರಿಸೀಯೇನು?”

“ತಿಂಗಳಾ ನರ್ಸಬಾಯಿ ಬರ್ತಾರ. ಚೀಟ್ಯಾಗ ಎಲ್ಲಾ ಬರೋಬ್ಬರಿ ಅದ.”

“ತೋಳಿಗಿ ಪಟ್ಟಿ ಸುತ್ತಿ ನೋಡ್ಯಾರೇನು?”

“ಹೊಲದಿಂದ ಹಂಗೇ ಬಂದಿರ್ತೀನಿ, ಮೈತುಂಬ ರಾಡಿ. ನಾನೇ ಅಂದೆ, ಬ್ಯಾಡ್ರಿ ಬಾಯಾರ, ನಿಮ್ಮ ಪಟ್ಟಿ ಹೊಲಸಾಗ್ತದ, ಹಂಗೇ ಬರಕೊಳ್ರಿ. ಪಾಪ, ಬರಕೊಂಡ್ರು.”

“ಗೌಡರ ಓಣ್ಯಾಗ?”

“ಅಲ್ಲಿ ಕಟ್ಟಿ ಮ್ಯಾಲ ಕುಂತು ಸುತ್ತತಾರ.”

“ಗೌಡರ ಮಂದಿ ಕೈಗಿ ರಾಡಿ ಹತ್ತಂಗಿಲ್ಲೇನು?”

“ಅವರಿಗ್ಯಾಕ ಹತ್ತತದ? ನಾವಿದ್ದೀವಲ್ಲ!”

ತನ್ನ ಮಾತಿಗೆ ತಾನೇ ನಕ್ಕಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ವಾರವೇ ಉತ್ತರಪತ್ರಿಕೆಯಲ್ಲಿ ಬರೆದಿದ್ದೆ: ಅಮೆರಿಕದಲ್ಲಿ ಕಪ್ಪು ಜನರಿಗೆ ಹೃದಯರೋಗ, ಲಕ್ವ ಬಿಳಿಯರಿಗಿಂತ ಕಡಿಮೆ ವಯಸ್ಸಿನಲ್ಲೇ ಬರುತ್ತವೆ, ಕಾರಣವನ್ನು ಅವರ ರಕ್ತದಲ್ಲಿ ಹುಡುಕಬಾರದು, ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಹುಡುಕಬೇಕು. ಅಡಿಗೆರೆ ಕೂಡ ಎಳೆದಿದ್ದೆ. ಬರೆಯುವಾಗ ಊರ ಹೊರಗಿನ ನಮ್ಮ ಓಣಿ ನೆನಪಾಗಿರಲಿಲ್ಲ. ಇಲ್ಲಿಯೂ ಐವತ್ತು ದಾಟದ ಇಬ್ಬರು ಲಕ್ವ ಹೊಡೆದು ಮಲಗಿದ್ದರು. ಮುಟ್ಟಲು ಹಿಂಜರಿಯುವವರಿಗೆ ಅವ್ವ ತಾನೇ ನೆಪ ಹುಡುಕಿ ಕೊಟ್ಟಿದ್ದಳು, ಅದನ್ನು ಮರ್ಯಾದೆ ಎಂದುಕೊಂಡು.

ದೊಡ್ಡ ಆಸ್ಪತ್ರೆ ಇದ್ದ ಶಹಾಪುರಕ್ಕೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿತ್ತು. ಒಂದು ಕೈ ಸೋತು ಕೆಳಗಿಳಿಯುತ್ತದೇನೋ ಎಂದು ಮಲಗುವ ತನಕ ಮೂರು ಸಲ ಅವಳಿಂದ ಎರಡೂ ಕೈ ಎತ್ತಿಸಿದೆ. “ಸಾಲಿ ಮಾಸ್ತರಂಗ ಆಗಿ ನೋಡು,” ಎಂದು ಬೈದಳು.

ಮರುದಿನ ಬೆಳಿಗ್ಗೆ ಸಸಿ ಹಚ್ಚಲು ಕರೆಯಬಂದ ಹೆಂಗಸರಿಗೆ ಅವ್ವ ಬರುವುದಿಲ್ಲ ಎಂದು ನಾನೇ ಹೇಳಿ ಕಳಿಸಿದೆ. ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋದೆವು. ಡಾಕ್ಟರ ಎದುರು ಅವ್ವ ಗೋಡೆಗೆ ಒತ್ತಿ ನಿಂತಳು. ಭುಜ ಹಿಡಿದು ಕುರ್ಚಿಯಲ್ಲಿ ಕೂಡಿಸಿದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಒಮ್ಮೆ ಬಿಪಿ ನೋಡಿ, ಮತ್ತೊಮ್ಮೆ ಗಾಳಿ ತುಂಬಿದರು.

“ಇವತ್ತ ಮನಿಗಿ ಕಳಸಂಗಿಲ್ಲವ್ವಾ,” ಎಂದರು.

“ಹೊಲಕ್ಕ ಹೋಗೂದೈತ್ರಿ,” ಎಂದಳು ಅವ್ವ.

ನಾನು ಅವಳ ಚಪ್ಪಲಿಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಅಡ್ಮಿಟ್ ಮಾಡಿಸಲು ಹೋದೆ.