ಶಂಕ್ರಗೌಡರ ಲಾರಿಗೆ ದಮ್ಮಿರಲಿಲ್ಲ

೧೯೬೩ರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ಇಯತ್ತೆ ಪಾಸಾಗಿ, ಏಳಕ್ಕೆ ಹೆಸರು ಹಚ್ಚಿ, ಎರಡು ವಾರ ಹೋಗಿ ಬಿಟ್ಟೆ. ಆ ಎರಡು ವಾರವನ್ನೂ ಹಿಡಿದು ‘ಏಳರತನಕ ಓದೀನ್ರಿ’ ಎಂದು ಅರವತ್ತು ವರ್ಷ ಹೇಳಿಕೊಂಡು ಬಂದವನು ನಾನು. ಕೇಳಿದವರು ಯಾರೂ ಪುರಾವೆ ಬೇಡಲಿಲ್ಲ, ನಾನೂ ಕೊಡಲಿಲ್ಲ.

ಹೋದ ವಾರ ಬೈಲಹೊಂಗಲದ ನಮ್ಮ ಗ್ಯಾರೇಜಿಗೆ ರಾಮದುರ್ಗದ ಒಬ್ಬ ಕಾಲೇಜು ಮೇಷ್ಟ್ರು ತಮ್ಮ ಡೀಸೆಲ್ ಕಾರು ತಂದರು. ಟರ್ಬೊ ಇರುವ ಗಾಡಿ. ಟರ್ಬೊ ಎಂದರೆ ಮತ್ತೇನಲ್ಲ, ಇಂಜಿನ್ನಿಗೆ ಒತ್ತಿ ಒತ್ತಿ ಗಾಳಿ ತುಂಬುವ ಒಂದು ಸಣ್ಣ ಪಂಖಾ. ಸವದತ್ತಿಯ ಗುಡ್ಡದ ಏರು ಬಂದ ಕೂಡಲೇ ಕಾರು ಕೂತುಬಿಡುತ್ತದಂತೆ. ಎರಡು ಊರಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದ್ದರು. ಹಾಕಿದ ಹೊಸ ಸಾಮಾನಿನ ಪಟ್ಟಿ ಮೇಷ್ಟ್ರ ಕೈಯಲ್ಲಿ ಮದುವೆಯ ಯಾದಿಯಷ್ಟು ಉದ್ದ ಇತ್ತು. ನಾನು ಬಾನೆಟ್ಟು ಎತ್ತಿ, ಟರ್ಬೊದಿಂದ ಹೊರಡುವ ದಪ್ಪ ರಬ್ಬರು ನಳಿಗೆಯ ಮೇಲೆ ಕೈ ಇಟ್ಟೆ. ಒಂದು ಕಡೆ ಮೆತ್ತಗಿತ್ತು. ಬಗ್ಗಿದೆ. ಎಣ್ಣೆ ಕುಡಿದ ರಬ್ಬರಿನ ವಾಸನೆ ಮೂಗಿಗೆ ಹತ್ತಿತು. ನೀವು ನಂಬಿರಿ ಬಿಡಿರಿ, ಅದು ರಬ್ಬರಿನ ವಾಸನೆಯಾಗಿ ನನಗೆ ಬರಲಿಲ್ಲ. ಎಣ್ಣೆ ಕುಡಿದ ತೊಗಲಿನ ವಾಸನೆಯಾಗಿ ಬಂತು.

ನಮ್ಮೂರು ದೊಡವಾಡ. ನಮ್ಮಪ್ಪ ದುರ್ಗಪ್ಪ ಕಪಿಲೆಯ ತೊಗಲು ಹೊಲಿಯುತ್ತಿದ್ದ. ಕಪಿಲೆ ಎಂದರೆ ಈಗಿನವರಿಗೆ ಹೇಳಬೇಕಾದೀತು: ಬಾವಿಗೆ ದೊಡ್ಡ ತೊಗಲಿನ ಚೀಲ ಇಳಿಸಿ, ಎತ್ತು ಹೂಡಿ, ನೀರು ಎಳೆದು ಹೊಲಕ್ಕೆ ಬಿಡುವುದು. ಆ ಚೀಲದ ಕೆಳಗೆ ಆನೆಯ ಸೊಂಡಿಲಿನಂಥ ಒಂದು ತೊಗಲ ಕೊಳವೆ, ಅದಕ್ಕೆ ಸೊಂಡಿ ಎನ್ನುತ್ತಿದ್ದೆವು. ನೀರು ಹೊರಬೀಳುವುದು ಅದರ ಬಾಯಿಂದ. ಅಪ್ಪನ ಹೊಲಿಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಒಂದು ಹೊಲಿಗೆ ಹಾಕಿ, ಅದರ ಪಕ್ಕ ಜೋಳದ ಕಾಳಿನಷ್ಟು ಬಿಟ್ಟು ಇನ್ನೊಂದು ಹಾಕುತ್ತಿದ್ದ. ಒಂದು ಹನಿ ಸೋರುತ್ತಿರಲಿಲ್ಲ. ತೊಗಲನ್ನು ಬಿಗಿಯಾಗಿ ಹಿಡಿಯಲು ಎರಡನೆಯ ಜೋಡಿ ಕೈ ಬೇಕಿತ್ತು. ಆ ಕೈಗಾಗಿಯೇ ನನ್ನ ಶಾಲೆ ಹೋಯಿತು. ನನಗೇನೂ ಕೆಟ್ಟದೆನಿಸಲಿಲ್ಲ, ಭಾಗಾಕಾರಕ್ಕಿಂತ ತೊಗಲು ಮೆತ್ತಗಿತ್ತು.

ಅಪ್ಪ ಹೊಲಿಯುತ್ತ ಮಾತಾಡುವ ಮನುಷ್ಯ. ‘ನೋಡಪಾ, ಒಳಗಿಂದ ದಬ್ಬಿದ್ರ ತೊಗಲ ಎಷ್ಟ ಬೇಕಾದ್ರೂ ತಾಳತೈತಿ. ಒಳಗ ಏನೂ ಇಲ್ಲಂದ್ರ ತನ್ನ ಮೈ ತಾನ ಹೊರಂಗಿಲ್ಲ’ ಎನ್ನುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಕೇಳಿಸಿಕೊಂಡಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಊರಿಗೆ ಪಂಪ್‌ಸೆಟ್ಟುಗಳು ಬಂದವು. ಕಪಿಲೆಗಳು ಅಟ್ಟ ಸೇರಿದವು, ಅಪ್ಪನ ದಬ್ಬಣ ಗೂಡು ಸೇರಿತು. ನಾನು ಬೈಲಹೊಂಗಲಕ್ಕೆ ಬಂದು ಇಮಾಮ್ ಉಸ್ತಾದರ ಗ್ಯಾರೇಜು ಸೇರಿದೆ. ಉಸ್ತಾದರು ಕೆಟ್ಟವರಲ್ಲ, ಅವರ ರೊಟ್ಟಿಯಲ್ಲಿ ನನಗೆ ಪಾಲಿತ್ತು. ಆದರೆ ಏಳು ವರ್ಷ ಗಾಲಿ ಬಿಚ್ಚುವುದು, ಗ್ರೀಸು ತುಂಬುವುದು, ಸಾಮಾನು ತೊಳೆಯುವುದು ಇಷ್ಟೇ ನನ್ನ ಕೆಲಸ. ಇಂಜಿನ್ನಿಗೆ ಪಾನಾ, ಅಂದರೆ ಸ್ಪ್ಯಾನರು, ಹಚ್ಚಲು ಹೋದರೆ, ‘ಸಾಲಿ ಕಲ್ತವರ ಕೆಲಸಾ ಅದು, ನೀ ಗ್ರೀಸ್ ನೋಡು’ ಎನ್ನುತ್ತಿದ್ದರು. ಅವರೆಷ್ಟು ಸಾಲಿ ಕಲಿತಿದ್ದರೋ ಕೇಳುವ ಧೈರ್ಯ ನನಗಿರಲಿಲ್ಲ. ಇಪ್ಪತ್ತೆರಡು ವರ್ಷದ ಗಂಡಸು, ಮದುವೆಯಾಗಿತ್ತು, ಇನ್ನೂ ಗ್ರೀಸಿನ ಡಬ್ಬಿ ಹಿಡಿದು ನಿಂತಿದ್ದೆ.

೧೯೭೩ರಲ್ಲಿ ನಮ್ಮೂರಿನ ಶಂಕ್ರಗೌಡರ ಲಾರಿ ಬಂತು. ಗೌಡರು ಹೊಲದ ಜೊತೆ, ಬಾನೆಟ್ಟು ಮುಂದೆ ಚಾಚಿದ ಒಂದು ಮೂಗಿನ ಲಾರಿ ಇಟ್ಟು, ಬೈಲಹೊಂಗಲದ ಅರಳೆಯ ಬೇಲುಗಳನ್ನು ಸವದತ್ತಿ, ರಾಮದುರ್ಗದ ಕಡೆ ತಾವೇ ಹೊಡೆದುಕೊಂಡು ಒಯ್ಯುತ್ತಿದ್ದರು. ಇಳಿದವರೇ ಕೂಗಿದರು.

‘ಉಸ್ತಾದ, ಗಾಡಿಗೆ ದಮ್ಮ ಇಲ್ಲೋ ಮಾರಾಯಾ! ಸಪಾಟ ರಸ್ತಾದಾಗ ಕುದರಿ ಆಗತೈತಿ, ಏರ ಕಂಡ್ರ ಗಬ್ಬದ ಎಮ್ಮಿ ಆಗತೈತಿ. ಡೀಸಲ್ ಪಂಪ ಎರಡ ಸಲ ಹುಬ್ಬಳ್ಳಿಗೆ ಹೋಗಿ ಬಂತು. ನನ್ನ ಹೆಂಡತಿ ಇಷ್ಟ ಸಲ ತವರಮನಿಗೆ ಹೋಗಿಲ್ಲ.’

‘ಗೌಡ್ರ, ಏರಿನ್ಯಾಗ ಕರಿ ಹೊಗಿ ಬಿಡತೈತಿಲ್ಲೋ? ಕರಿ ಹೊಗಿ ಅಂದ್ರ ಡೀಸಲ್ ಹೆಚ್ಚ. ಇನ್ನೊಂದೀಟ ಕಮ್ಮಿ ಮಾಡೂಣು.’

‘ಹೋದ ಸಲಾನೂ ಕಮ್ಮಿ ಮಾಡಿದಿ. ಹೊಗಿ ಹೋತು, ಅದರ ಕೂಡ ಜೀವಾನೂ ಹೋತು. ಇವತ್ತ ಸವದತ್ತಿ ಗುಡ್ಡ ಏರಲಿಲ್ಲಂದ್ರ ಲಾರಿ ಮಾರಿ ಎಮ್ಮೀನ ಕಟ್ಟತೇನಿ. ಹಾಲರ ಕೊಟ್ಟೀತು.’

ದಮ್ಮು ಎಂಬ ಮಾತು ಕೇಳಿರಿ. ನಮ್ಮ ಕಡೆ ಅದಕ್ಕೆ ಶಕ್ತಿ ಎಂದೂ ಅರ್ಥ, ಉಸಿರು ಎಂದೂ ಅರ್ಥ. ಎಲ್ಲರೂ ಶಕ್ತಿ ಎಂದು ತಿಳಿದು ಡೀಸೆಲ್ಲಿನ ಬೆನ್ನು ಹತ್ತಿದ್ದರು. ಗ್ರೀಸಿನ ಡಬ್ಬಿ ಹಿಡಿದು ನಿಂತ ನನ್ನ ಕಿವಿಗೆ ಅದು ಉಸಿರು ಎಂದು ಬಿತ್ತು. ಹೊಗೆ ಕಪ್ಪಾಗುವುದು ಡೀಸೆಲ್ಲು ಹೆಚ್ಚಾದರೂ ಸೈ, ಗಾಳಿ ಕಡಿಮೆಯಾದರೂ ಸೈ.

ಬಾನೆಟ್ಟಿನೊಳಗೆ ಕಣ್ಣು ಹಾಯಿಸಿದೆ. ಗಾಳಿ ಸೋಸುವ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ನಳಿಗೆ ರಬ್ಬರಿನದಿರಲಿಲ್ಲ, ತೊಗಲಿನದು! ಎರಡು ತಿಂಗಳ ಹಿಂದೆ ರಬ್ಬರು ಹರಿದಿತ್ತು, ಹೊಸದು ಸಿಕ್ಕಿರಲಿಲ್ಲ. ಅಟ್ಟದ ಮೇಲಿದ್ದ ಕಪಿಲೆಯ ಸೊಂಡಿಯನ್ನು ಒಂದು ಮೊಳ ಕೊಯ್ದು ಗೌಡರು ಕೂಡಿಸಿಬಿಟ್ಟಿದ್ದರು. ಉಸ್ತಾದರು ಅದನ್ನು ನೋಡಿ ಮೊದಲೇ ನಕ್ಕು, ಎಲ್ಲೂ ಗಾಳಿ ಸೋರುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದರು. ಎರಡು ತಿಂಗಳಲ್ಲಿ ಮೊದಲ ಒಂದು ತಿಂಗಳು ಲಾರಿ ಚೆನ್ನಾಗಿಯೇ ಓಡಿತ್ತಲ್ಲ.

ನಾನು ಸೊಂಡಿಯನ್ನು ಹಿಂಡಿ ನೋಡಿದೆ. ಎಳೆಗರುವಿನ ಕಿವಿಯಷ್ಟು ಮೆತ್ತಗೆ.

‘ಗೌಡ್ರ, ಇದಕ್ಕ ಎಣ್ಣಿ ಹಚ್ಚಿದಿರೇನ್ರಿ?’

‘ಹಚ್ಚದ ಬಿಡತಾರೇನೋ? ತೊಗಲ ಐತಿ, ಒಣಗಿ ಸೀಳತೈತಿ. ಒಂದ ತಿಂಗಳಾತು, ಸೋಮವಾರಕ್ಕೊಮ್ಮೆ ಕುಸುಬಿ ಎಣ್ಣಿ ಕುಡಸಾಕ ಹತ್ತೇನಿ.’ ತಮ್ಮ ಶಿಸ್ತಿಗೆ ತಾವೇ ಹಿಗ್ಗಿದರು.

‘ತ್ರಾಸ ಶುರು ಆಗಿದ್ದು?’

‘ಅದೂ ಒಂದ ತಿಂಗಳ...’ ಗೌಡರು ಬಗ್ಗಿ ಸೊಂಡಿಯನ್ನು ನೋಡಿದರು.

‘ಉಸ್ತಾದರ, ದ್ವಾಷ ಇದರಾಗ ಐತ್ರಿ. ಇಂಜಿನ್ ಜೋರ ಉಸರ ಎಳದಾಗ ಇದು ಒಳಗ ಮುಚ್ಚಗೋತೈತಿ.’

ಉಸ್ತಾದರು ಕೈಯಲ್ಲಿದ್ದ ಬಟ್ಟೆ ಬೀಸಿ ಒಗೆದರು. ‘ತೊಗಲ ಕಂಡ ಕೂಡ್ಲೆ ನಿನ್ನ ಕೈ ಕಡೀತೇನೋ? ಹುಬ್ಬಳ್ಳ್ಯಾವರಿಗೆ ತಿಳೀಲಿಲ್ಲ, ಇಂವಗ ತಿಳೀತಂತ!’

ಏಳು ವರ್ಷದ ಗ್ರೀಸು ಮೈಯೊಳಗೆ ಕುದಿಯಿತು. ಬಾಯಿ ತಾನೇ ಆಡಿಬಿಟ್ಟಿತು. ‘ತಪ್ಪಾದ್ರ ನಾಳಿಂದ ಪಾನಾ ಮುಟ್ಟಂಗಿಲ್ರಿ. ಊರಿಗೆ ಹೋಗಿ ಚಪ್ಪಲಿ ಹೊಲೀತೇನಿ. ಖರೆ ಆದ್ರ ಇಂಜಿನ್ ಕೆಲಸಾ ನನಗ ಕಲಸ್ರಿ.’

ಹೇಳಿದ ಮೇಲೆ ಹೆಂಡತಿಯ ಮುಖ ನೆನಪಾಯಿತು. ಮಾತು ಹೋಗಿಯಾಗಿತ್ತು.

ಅರಳೆ ತುಂಬಿಕೊಂಡೇ ಗುಡ್ಡಕ್ಕೆ ಹೊರಟೆವು. ಗೌಡರೂ ಉಸ್ತಾದರೂ ಒಳಗೆ ಕೂತರು. ನನಗೆ ಯಾರೂ ಒಳಗೆ ಬಾ ಎನ್ನಲಿಲ್ಲ, ಆ ಕಾಲದಲ್ಲಿ ನಾನೂ ಹೋಗುತ್ತಿರಲಿಲ್ಲ. ಬಾನೆಟ್ಟಿನ ಒಂದು ರೆಕ್ಕೆ ತೆಗೆದು, ಮುಂದಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತೆ. ಸಪಾಟು ರಸ್ತೆಯಲ್ಲಿ ಸೊಂಡಿ ಸುಮ್ಮನಿತ್ತು. ಏರು ಶುರುವಾಯಿತು. ಗೌಡರು ಗಿಯರು ಇಳಿಸಿ ಕಾಲು ಒತ್ತಿದರು. ಅದೋ! ಬೀಡಿ ಎಳೆಯುವ ಮುದುಕನ ಗಲ್ಲ ಒಳಗೆ ಹೋಗುವುದನ್ನು ನೋಡಿದ್ದೀರಲ್ಲ? ಹಾಗೆ ಸೊಂಡಿಯ ಎರಡೂ ಮಗ್ಗಲು ಒಳಗೆ ಹೋಗಿ ಒಂದಕ್ಕೊಂದು ಅಂಟಿದವು. ಹಿಂದೆ ಕರಿ ಹೊಗೆ, ಲಾರಿ ಎಮ್ಮೆಯಾಯಿತು. ಕಾಲು ತೆಗೆದರೆ ಸೊಂಡಿ ಮತ್ತೆ ದುಂಡಗೆ, ಏನೂ ಅರಿಯದ ಸಾಧುವಿನಂತೆ. ನಿಂತ ಗಾಡಿಯಲ್ಲಿ ಯಾರ ಕಣ್ಣಿಗಾದರೂ ಅದು ಬೀಳುವುದು ಹೇಗೆ?

‘ಬರ್ರಿ! ನೋಡ ಬರ್ರಿ!’ ಎಂದು ಕೂಗಿದ ನನ್ನ ದನಿ ಮಲಪ್ರಭೆಯ ಆಚೆ ದಂಡೆಗೂ ಕೇಳಿರಬೇಕು. ಉಸ್ತಾದರು ಇಳಿದು ಬಂದರು. ಗೌಡರು ಮತ್ತೊಮ್ಮೆ ಕಾಲು ಒತ್ತಿದರು. ಮುದುಕ ಮತ್ತೊಮ್ಮೆ ಬೀಡಿ ಎಳೆದ. ಉಸ್ತಾದರು ‘ಯಾ ಅಲ್ಲಾ’ ಎಂದರು, ಅಷ್ಟೇ.

ಅಲ್ಲೇ ರಸ್ತೆಯ ಮಗ್ಗುಲಲ್ಲಿ ಒಂದು ಅರಳೆ ಬೇಲಿನ ಮೇಲೆ ಬಿಗಿದಿದ್ದ ಕಬ್ಬಿಣದ ಪಟ್ಟಿ ಕತ್ತರಿಸಿ ಮೂರು ಬಳೆ ಬಗ್ಗಿಸಿದೆ. ಸೊಂಡಿ ಬಿಚ್ಚಿ, ಬಳೆಗಳನ್ನು ಒಳಗೆ ಬಿಗಿಯಾಗಿ ಕೂಡಿಸಿ, ಅಲ್ಲಾಡದಂತೆ ಹೊರಗಿನಿಂದ ತಂತಿ ಸುತ್ತಿದೆ. ಒಳಗೆ ಏನಾದರೂ ಇದ್ದರೆ ತಾನೇ ತೊಗಲು ತನ್ನ ಮೈ ಹೊರುವುದು. ಹಾಗೆ ಸುತ್ತುವಾಗ ಬೆರಳಿಗೆ ಹೊಲಿಗೆ ತಾಕಿತು. ಎರಡು ಸಾಲು, ನಡುವೆ ಜೋಳದ ಕಾಳಿನಷ್ಟು ಜಾಗ. ಅಪ್ಪ ಹೊಲಿದಾಗ ಈ ತೊಗಲನ್ನು ಬಿಗಿ ಹಿಡಿದದ್ದು ನನ್ನವೇ ಕೈ. ಏಳನೆಯ ಇಯತ್ತೆ ಹೋದದ್ದು ಇದರೊಳಗೆ.

ಲಾರಿ ಗುಡ್ಡ ಏರಿತು. ಏರಿತು ಎಂದರೆ ಸಣ್ಣ ಮಾತಾಯಿತು. ಗುಡ್ಡವೇ ಹಿಂದೆ ಸರಿದಂತೆ ಏರಿತು. ತುದಿಯಲ್ಲಿ ಗೌಡರು ಇಳಿದು ಬಂದು ನನ್ನನ್ನೇ ನೋಡಿದರು.

‘ನೀ ದುರ್ಗಪ್ಪನ ಮಗ ಅಲ್ಲೇನು?’

‘ಹೌದ್ರಿ.’

‘ಮಡ್‌ಗಾರ್ಡ್ ಮ್ಯಾಲೆ ಯಾಕ ಕುಂತಿಯೋ? ಒಳಗ ಬಾ, ನನ್ನ ಬಾಜೂಕ ಕುಂದರು.’

ಉಸ್ತಾದರು ಸರಿದು ಜಾಗ ಮಾಡಿದರು. ಮರುದಿನ ನನ್ನ ಕೈಯಿಂದ ಗ್ರೀಸಿನ ಡಬ್ಬಿ ಕಸಿದುಕೊಂಡು ಹದಿನೇಳು ನಂಬರಿನ ಪಾನಾ ಇಟ್ಟರು. ‘ಬಿಚ್ಚು’ ಎಂದರು. ಆ ಶಬ್ದ ನನಗೆ ಇವತ್ತಿಗೂ ಓಂಕಾರ.

ಹೊಸ ರಬ್ಬರು ಬಂದಾಗ ಗೌಡರು ಆ ಸೊಂಡಿಯನ್ನು ನನಗೇ ಕೊಟ್ಟರು. ಈ ಕಥೆಯನ್ನು ನಾನು ಸಾವಿರ ಸಲ ಹೇಳಿದ್ದೇನೆ. ಆದರೆ ಹೇಳುವಾಗ ತೊಗಲನ್ನು ಬಿಟ್ಟು ಹೇಳುತ್ತಿದ್ದೆ. ಇಂಜಿನ್ನಿನ ಸಪ್ಪಳ ಕೇಳಿಯೇ ಕಂಡುಹಿಡಿದೆ ಎನ್ನುತ್ತಿದ್ದೆ. ಸೊಂಡಿ ಟ್ರಂಕಿನ ತಳದಲ್ಲಿತ್ತು.

ಮೇಷ್ಟ್ರ ಕಾರಿಗೆ ಬರೋಣ. ಈಗಿನ ಗಾಡಿಯಲ್ಲಿ ಮಡ್‌ಗಾರ್ಡಿನ ಮೇಲೆ ಕೂಡುವಂತಿಲ್ಲ, ಈ ವಯಸ್ಸಿಗೆ ಮೊಣಕಾಲೂ ಒಪ್ಪುವುದಿಲ್ಲ. ಕಾರಿನ ದೇವರ ಮುಂದೆ ಒಂದು ವಿಭೂತಿ ಗಟ್ಟಿ ಇತ್ತು. ಕೇಳಿ ಇಸಕೊಂಡೆ. ನಳಿಗೆಯನ್ನು ಒರೆಸಿ ಒಣಗಿಸಿ, ಹಣೆಗೆ ಬಳಿದಂತೆ ಸುತ್ತಲೂ ಬಳಿದು, ಗುಡ್ಡದ ಏರಿಗೆ ಹೋಗಿ ಬಂದೆವು. ಬಾನೆಟ್ಟು ಎತ್ತಿದರೆ ಒಂದೇ ಕಡೆ ವಿಭೂತಿ ಹಾರಿಹೋಗಿತ್ತು. ಅಲ್ಲಿ ಉಗುರಿನಷ್ಟು ಸೀಳು, ಒಳಗಿಂದ ಗಾಳಿ ದಬ್ಬಿದಾಗ ಮಾತ್ರ ಬಾಯಿ ಬಿಡುವಂಥದು. ಅಂದು ಎಳೆದರೆ ಮುಚ್ಚುತ್ತಿತ್ತು, ಇಂದು ದಬ್ಬಿದರೆ ಬಿರಿಯುತ್ತಿತ್ತು. ಹೊಸ ನಳಿಗೆ ಹಾಕಿದೆವು. ಕಾರು ಏರಿನಲ್ಲಿ ಹಾಡುತ್ತ ಹೋಯಿತು.

‘ಎಲ್ಲಿ ಕಲ್ತಿರಿ ಇದನ್ನೆಲ್ಲಾ?’ ಮೇಷ್ಟ್ರು ಕೇಳಿದರು.

ತೊಗಲು ಬಿಟ್ಟು ಹೇಳುವ ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ‘ನಮ್ಮಪ್ಪನ ಕಡೆ ಸರ್. ದೊಡವಾಡದಾಗ ಕಪಲಿ ತೊಗಲ ಹೊಲೀತಿದ್ದ.’

‘ಮತ್ತ ಸಾಲಿ?’

‘ಆರು.’

ಅಂದು ಸಂಜೆ ಟ್ರಂಕು ತೆಗೆದು ಸೊಂಡಿಯನ್ನು ತಂದು, ಗ್ಯಾರೇಜಿನ ಗೋಡೆಗೆ ಎಲ್ಲರಿಗೂ ಕಾಣುವಂತೆ ಮೊಳೆ ಹೊಡೆದು ತೂಗುಹಾಕಿದೆ.

ಈಗ ನನ್ನಲ್ಲಿ ಇರುವುದು: ಎರಡು ಶೆಡ್ಡು, ಗಾಡಿಯ ಕೆಳಗೆ ಇಳಿಯುವ ಒಂದು ಗುಂಡಿ, ನೂರಾ ಹನ್ನೊಂದು ಪಾನಾ, ಅದರಲ್ಲಿ ಉಸ್ತಾದರು ಕೊಟ್ಟ ಹದಿನೇಳರದು ಒಂದು. ಗೋಡೆಯ ಮೇಲೆ ಒಂದು ಮೊಳ ಸೊಂಡಿ. ಮತ್ತು ಆರು ಇಯತ್ತೆ, ಆರೂ ಪಾಸು.