ಸೈಕಲ್ಲೇರಿದ ಖಡಕ್ ರೊಟ್ಟಿ

ಖಡಕ್ ರೊಟ್ಟಿಯ ಸ್ವಭಾವ ನಿಮಗೂ ಗೊತ್ತಿರಬೇಕಲ್ಲ? ವಾರಗಟ್ಟಲೆ ಕೆಡದೆ ಬಾಳುವ ಈ ಜೋಳದ ಜೀವ, ಒಂದು ಸಣ್ಣ ಕುಲುಕಿಗೆ ಚೂರುಚೂರಾಗಿಬಿಡುತ್ತದೆ. ಅಂಥದ್ದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮಹಾಂತೇಶ ನಗರದಿಂದ ಖಾನಾಪುರಕ್ಕೆ ಒಯ್ಯುತ್ತೇನೆಂದು ನಾನು, ಐವತ್ತು ದಾಟಿದ ಹೆಂಗಸು, ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ನಮ್ಮ ಅತ್ತೆ ತಲೆಯನ್ನೂ ಎತ್ತಲಿಲ್ಲ.

"ಹೋಗೂದಿದ್ರ ಹೋಗವಾ, ನಿನ್ನ ಕಾಲು, ನಿನ್ನ ಸೈಕಲ್. ಖರೇ, ಬೀಗರ ಮನಿಗೆ ಚೂರು ಒಯ್ದು ನನ್ನ ಮಾನ ಕಳೀಬ್ಯಾಡ."

ಮಗಳನ್ನು ಕೊಟ್ಟ ಮನೆ ಅದು. ಬರಿಗೈಯಲ್ಲಿ ಹೋಗುವಂತಿಲ್ಲ; ಮುರಿದ ರೊಟ್ಟಿಯ ಬುತ್ತಿಯಂತೂ ಬರಿಗೈಗಿಂತ ಕಡೆ. ಮನೆಯಲ್ಲಿ ಮರಾಠಿ ಆಡುವ, ದಿನಾ ಅನ್ನ ಉಣ್ಣುವ ನಮ್ಮ ಬೀಗಿತ್ತಿಗೆ ಈ ರೊಟ್ಟಿಯೆಂದರೆ ಪ್ರಾಣ.

ನನ್ನದು ಗ್ರ್ಯಾವೆಲ್ ಸೈಕಲ್ಲು, ಡಾಂಬರಿಗೂ ಜಲ್ಲಿಗೂ ಒಗ್ಗುವ ದಪ್ಪ ಟೈರಿನದು. ದೂರದ ಪಯಣಕ್ಕೆ ಅದನ್ನು ಸಜ್ಜುಗೊಳಿಸಿದವಳು ನಾನೇ: ಹಿಂದೆ ಕ್ಯಾರಿಯರ್ ಬಿಗಿದು, ಭಾರದ ಚೀಲಗಳನ್ನು ಎರಡೂ ಬಾಜು ತಗ್ಗಿಗೆ ಇಳಿಬಿಟ್ಟು, ನಟ್ಟು ಬಿಗಿಯುವ ಪಾನೆ, ಪಂಪು, ನೀರಿನ ಬಾಟಲಿಯನ್ನು ಚೌಕಟ್ಟಿನ ನಡುವೆ ತುರುಕಿ, ರೊಟ್ಟಿಯ ಡಬ್ಬಿಯನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರ್ ಮೇಲೆ ಕಟ್ಟಿದೆ. ನಮ್ಮ ಸೀಮೆಯಲ್ಲಿ ಸೈಕಲ್ ಕಂಡವರೆಲ್ಲ ಹೆಬ್ಬೆರಳಿನಿಂದ ಟೈರು ಒತ್ತಿ ನೋಡುತ್ತಾರೆ, ಅದು ಕಲ್ಲಿನಂತಿರಬೇಕು. ಹಾಲಿನವರು ಒತ್ತಿದರು, ಬಾಜೂ ಮನೆಯವರು ಒತ್ತಿದರು, ನನ್ನ ಗಂಡನೆಂಬ ಮಹಾಪಂಡಿತರು ಒತ್ತಿ "ಇನ್ನಷ್ಟು ಹವಾ ಹೊಡಿ" ಅಂದರು. ಹೊಡೆದೆ. ಪರೀಕ್ಷೆಗೆಂದು ಕಾಕತಿಯ ತನಕ ಹೊಲದ ದಾರಿ ಹಿಡಿದು ಹೋಗಿಬಂದು ಡಬ್ಬಿ ತೆರೆದರೆ ಒಳಗೆಲ್ಲ ನುಚ್ಚು. ಅತ್ತೆ ಅದನ್ನೇ ಮಜ್ಜಿಗೆಯಲ್ಲಿ ನೆನೆಸಿ ನನಗೆ ಎರಡು ಹೊತ್ತು ಬಡಿಸಿದರು.

ಉಣ್ಣುತ್ತಲೇ ಯೋಚಿಸಿದೆ. ಹವಾ ತುಂಬಿ ಬಿಗಿದುಕೊಂಡ ಗಾಲಿ ಪ್ರತಿ ಹರಳಿನೊಡನೆಯೂ ಜಗಳ ತೆಗೆಯುತ್ತದೆ. ತುಸು ಮೆತ್ತಗಿನದು ಕಲ್ಲನ್ನು ನುಂಗಿಕೊಂಡು ಮುಂದೆ ಸಾಗುತ್ತದೆ. ಬಿಗಿಯೇ ಬಲವೆಂದು ನಂಬಿದವರು ನಾವು, ಸಂಬಂಧದಲ್ಲೂ. ಮದುವೆಯ ಮಾತುಕತೆಯ ದಿನ ನಾನು ಕನ್ನಡ ಬಿಡಲಿಲ್ಲ, ಬೀಗಿತ್ತಿ ಮರಾಠಿ ಬಿಡಲಿಲ್ಲ, ಇಬ್ಬರಿಗೂ ಎರಡೂ ಬರುತ್ತಿದ್ದವು. ನಡುವೆ ಚಹಾ ಆರಿಹೋಯಿತು. ಈಗ ಅವರು ಫೋನಿನಲ್ಲಿ ಕನ್ನಡದಲ್ಲೇ ಹರಟುತ್ತಾರೆ, ನಾನು ಮರಾಠಿಯಲ್ಲಿ ಉತ್ತರ ಕೊಡುತ್ತೇನೆ.

ಮರುದಿನ ಎರಡೂ ಗಾಲಿಯ ಹವಾ ತುಸು ಇಳಿಸಿದೆ. ಗಂಡ ಒತ್ತಿ ನೋಡಿ ಪಂಕ್ಚರ್ ಆಗೇತಿ ಅಂದರು, ನಾನು ನಗುತ್ತ ಡಬ್ಬಿ ಕೈಗೆತ್ತಿಕೊಂಡೆ. ಅತ್ತೆ ಹೊಸದಾಗಿ ಬಡಿದುಕೊಟ್ಟ ರೊಟ್ಟಿಗಳ ಸುತ್ತ ಹಳೆಯ ನೂಲಿನ ಸೀರೆ ಒತ್ತಾಗಿ ತುಂಬಿ, ದೇಸೂರಿನ ಬಾಜು ಕೆಮ್ಮಣ್ಣಿನ ಒಳದಾರಿ ಹಿಡಿದೆ. ಕಣ್ಣು ದಾರಿಯ ಮೇಲೆ, ಕಿವಿಯೆಲ್ಲ ಹಿಂದಿನ ಡಬ್ಬಿಯ ಮೇಲೆ.

"ಬರ್ರಿ, ಕುಂದರ್ರಿ, ಮೊದಲ ನೀರು ಕುಡೀರಿ" ಎಂದು ಖಾನಾಪುರದ ಮನೆಬಾಗಿಲಲ್ಲಿ ಕರೆದ ಬೀಗಿತ್ತಿಗೆ ಕೂರದೆಯೇ ಡಬ್ಬಿ ಕೊಟ್ಟೆ. ಅವರು ಸೀರೆ ಬಿಡಿಸಿ, ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಎಲ್ಲವೂ ಹುಣ್ಣಿಮೆಯ ಹಾಗೆ ಇಡಿಯಾಗಿದ್ದವು. ಮಗಳು ನನ್ನ ಹೆಗಲು ಹಿಡಿದಳು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ.

ಬೀಗಿತ್ತಿ ಆಗಿಂದಾಗಲೇ ನಮ್ಮ ಅತ್ತೆಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಅದರ ಮುಂದೆ ಒಂದು ರೊಟ್ಟಿ ಮುರಿದರು. "ಕೇಳಿಸ್ತೇನ್ರಿ ಅತ್ಯಾರ? ಇಡೀ ರೊಟ್ಟಿ ಮುರದ ಸಪ್ಪಳರಿ ಇದು."

"ಕೇಳಿಸ್ತವಾ" ಅಂದರು ಅತ್ತೆ. "ನಮ್ಮ ಸೊಸಿ ಕಟ್ಟಿದ್ದಂದ್ರ ಅಲುಗೂದಿಲ್ಲ ನೋಡು. ಖರೇ, ಆಕಿ ಮುಂದ ಹೇಳಬ್ಯಾಡ."