ಹೊಸಿಲು ಇದ್ದ ಬಸ್ಸು

ನಮ್ಮ ದೊಡ್ಡಪ್ಪನ ಬಲಗೈ ಎಡಗೈಗಿಂತ ತುಂಬ ಕಪ್ಪಗಿತ್ತು. ಮೂವತ್ತು ವರ್ಷ ಕಿಟಕಿಯ ಮೇಲೆ ಮೊಣಕೈ ಇಟ್ಟು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಖಾಸಗಿ ಬಸ್ಸು ಓಡಿಸಿದ ಬಿಸಿಲು ಅದು. ಅವರು ತೀರಿಕೊಂಡ ದಿನ ಸ್ನಾನ ಮಾಡಿಸಿ ಎರಡೂ ಕೈ ಎದೆಯ ಮೇಲೆ ಜೋಡಿಸಿದಾಗ, ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳನ್ನು ತಂದು ಒಬ್ಬರಿಗೆ ಇಟ್ಟ ಹಾಗೆ ಕಂಡಿತು. ನಾನು ಅಳಲಿಲ್ಲ. ಆ ಕೈಗಳನ್ನೇ ನೋಡುತ್ತ ಕೂತಿದ್ದೆ.

ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಅವರು. ಮದುವೆಯಾದ ಎರಡೇ ವರ್ಷಕ್ಕೆ ನಾನು ಒಂದು ಚೀಲ ಹಿಡಿದು ಗಂಡನ ಮನೆಯಿಂದ ಪಾಂಡವಪುರಕ್ಕೆ ವಾಪಸು ಬಂದಾಗ ಅವರು ಯಾಕೆ ಅಂತ ಕೇಳಲಿಲ್ಲ. "ಊಟ ಆಯ್ತಾ ಮಗ?" ಅಂದರು. ಬೀದಿಯವರು ಕೇಳಿದಾಗ, "ನಮ್ ಮಗ ನಮ್ಮನೆಗೆ ಬಂದವ್ಳೆ. ನಿಮ್ಮನೆಗ್ ಬಂದಿದ್ರೆ ನೀವ್ ಕೇಳಿ" ಅಂದು ಒಳಗೆ ಬಂದು ಬಾಗಿಲು ಹಾಕಿದರು.

ಅದೇ ವರ್ಷ ಸಕ್ಕರೆ ಕಾಯಿಲೆಯಿಂದ ದೊಡ್ಡಮ್ಮನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ನಮ್ಮದು ಹಳೆಯ ಮನೆ. ಒಂದೊಂದು ಕೋಣೆಗೂ ಎತ್ತರದ ಹೊಸಿಲು, ಮುಂದೆ ಐದು ಮೆಟ್ಟಿಲು. ಎತ್ತಿಕೊಂಡು ಹೊರಗೆ ಕೂರಿಸುತ್ತೇವೆ ಅಂದರೆ ಅವಳು ಒಪ್ಪುತ್ತಿರಲಿಲ್ಲ. "ಎಣ ಎತ್ತೋ ಅಂಗೆ ನನ್ನ ಎತ್ಬ್ಯಾಡಿ" ಅನ್ನುವಳು. ಬಿಂಡಿಗನವಿಲೆಯಲ್ಲಿ ಹುಟ್ಟಿ, ಡ್ರೈವರನ್ನು ಕಟ್ಟಿಕೊಂಡೂ ಗಂಡನ ಬಸ್ಸು ಹೋಗುವಷ್ಟು ದೂರ ಬಿಟ್ಟು ಆಚೆ ಕಂಡವಳಲ್ಲ. ಒಂದು ದಿನ ಸುಮ್ಮನೆ ಗೋಡೆ ನೋಡುತ್ತ ಹೇಳಿದಳು: "ಓದ್ ಕಾಲು ಓಯ್ತು. ಇರೋ ಕಾಲ್ನಾದ್ರೂ ಒಂದ್ಸಲ ಸಮುದ್ರದಲ್ಲಿ ಇಕ್ಬೇಕು."

ಒಂದು ತಿಂಗಳಿಗೆ ದೊಡ್ಡಪ್ಪ, ತಾವೇ ಓಡಿಸುತ್ತಿದ್ದ, ಮಾಲೀಕರು ಗುಜರಿಗೆ ಹಾಕಲು ಹೊರಟಿದ್ದ ಹಳೆಯ ಬಸ್ಸನ್ನು ತಂದು ಹಿತ್ತಲಲ್ಲಿ ನಿಲ್ಲಿಸಿದರು. ಅದನ್ನು ಮನೆ ಮಾಡುತ್ತೇನೆ ಅಂದರು. ಅವರ ತಮ್ಮ, ನನ್ನ ಚಿಕ್ಕಪ್ಪ, ಬಂದು ಟೈರು ಒದ್ದು ನೋಡಿ ನಕ್ಕರು.

"ಬಸ್ಸಲ್ಲಿ ಯಾರಾದ್ರೂ ಸಂಸಾರ ಮಾಡ್ತಾರಾ? ಬಸ್ಸು ಬಸ್ಸೇ ಕಣಣ್ಣ. ಯಾವತ್ತೂ ಮನೆ ಆಗಾಕಿಲ್ಲ."

"ಆಗಾಕಿಲ್ಲ ಅಂದ್ರೆ ಮಾಡ್ತೀನಿ ಬುಡ್ಲಾ."

ಸೀಟುಗಳನ್ನೆಲ್ಲ ಬಿಚ್ಚಿದೆವು. ಮಂಚ ಬಂತು, ಒಲೆ ಬಂತು, ನೀರಿನ ಡ್ರಮ್ಮು ಬಂತು, ಪರದೆಯ ಹಿಂದೆ ಕಕ್ಕಸು ಬಂತು. ಹಿಂದಿನ ಬಾಗಿಲಿನ ಮೆಟ್ಟಿಲು ಕತ್ತರಿಸಿ, ಗಾಲಿಕುರ್ಚಿ ಹತ್ತಲು ಕುರ್ಚಿಯಷ್ಟೇ ಅಗಲದ ಎರಡು ಉದ್ದನೆಯ ಹಲಗೆ ಇಟ್ಟರು. "ಮಹಿಳೆಯರಿಗೆ ಮಾತ್ರ" ಅಂತ ಕಿಟಕಿಯ ಮೇಲೆ ಬರೆದಿದ್ದನ್ನು ಅಳಿಸಲಿಲ್ಲ. ಅದರ ಕೆಳಗೇ ದೊಡ್ಡಮ್ಮನ ಮಂಚ ಹಾಕಿದರು. ನಿಂತ ಪ್ರಯಾಣಿಕರು ಹಿಡಿಯುವ ಕಂಬಿಗಳನ್ನೂ ಬಿಟ್ಟರು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಹೊಸಿಲಿಲ್ಲದ ಮನೆಗೆ ಬರುವುದಿಲ್ಲ ಅಂತ ದೊಡ್ಡಮ್ಮ ಹಟ ಹಿಡಿದಾಗ, ಗಾಲಿ ಉರುಳಿ ದಾಟುವಷ್ಟು ತೆಳ್ಳಗೆ ಹಲಸಿನ ಮರದ ಹೊಸಿಲು ಕೂರಿಸಿದರು.

ತಪ್ಪು ಮಾಡಿದ್ದು ವಾಸ್ತುವಿನಲ್ಲಿ. ಬಸ್ಸು ಹಿತ್ತಲಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಒಲೆ ಆಗ್ನೇಯದಲ್ಲಿರಬೇಕು, ನೀರು ಈಶಾನ್ಯದಲ್ಲಿರಬೇಕು ಅಂತ ದಿಕ್ಕು ನೋಡಿ ನೋಡಿ ಕೂರಿಸಿದರು. ಒಲೆಯ ಪಕ್ಕಕ್ಕೆ ಅಜ್ಜಿಯ ಕಾಲದ ಒರಳುಕಲ್ಲು ಬೇರೆ. ಭಾರವೆಲ್ಲ ಬಲಗಡೆಗೇ ಬಂತು. ಗಾಡಿ ತಪಾಸಣೆಗೆ ಹೋದಾಗ ಇನ್ಸ್‌ಪೆಕ್ಟರು ಒಂದು ಸುತ್ತು ಬಂದು ನಿಂತರು.

"ಯಜಮಾನ್ರೇ, ಗಾಡಿ ಯಾಕೆ ಬಲಕ್ಕೆ ವಾಲಿದೆ?"

"ವಾಸ್ತು, ಸ್ವಾಮಿ."

ಅವರು ದೊಡ್ಡಪ್ಪನ ಮುಖ ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು. "ಈಗ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ್ದೀರಲ್ಲ. ನಿಮ್ಮ ಒಲೆ ವಾಯವ್ಯಕ್ಕೆ ಹೋಯ್ತಲ್ಲ!"

ಜೀವಮಾನವೆಲ್ಲ ಬಸ್ಸು ತಿರುಗಿಸಿದ ಮನುಷ್ಯ ಬಸ್ಸು ತಿರುಗುತ್ತದೆ ಅನ್ನುವುದನ್ನೇ ಮರೆತಿದ್ದರು. ದೊಡ್ಡಪ್ಪ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಡ್ರಮ್ಮು ಎಡಕ್ಕೆ ಹೋಯಿತು, ಒರಳುಕಲ್ಲು ಹಿತ್ತಲಿಗೆ ಇಳಿಯಿತು. ಮೂರನೇ ಸಲಕ್ಕೆ ಗಾಡಿ ಪಾಸಾದ ಕಾಗದ ಕೈಗೆ ಬಂತು. ಅವತ್ತಿನಿಂದ ಅವರದೊಂದು ಮಾತು: "ದಿಕ್ಕು ಗಾಡಿಗಿಲ್ಲ ಕಣ್ ಮಗ, ಡ್ರೈವರ್‌ಗೈತೆ."

ಹಲಗೆಗಳ ಮೇಲೆ ಗಾಲಿಕುರ್ಚಿ ಉರುಳಿಸಿ ದೊಡ್ಡಮ್ಮನನ್ನು ಒಳಗೆ ಕರೆತಂದು, ಬಸ್ಸಿನಲ್ಲೇ ಹಾಲು ಉಕ್ಕಿಸಿದೆವು. "ಬಸ್ಸಿಗೂ ಗೃಹಪ್ರವೇಶ!" ಅಂತ ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ನಕ್ಕರು. ಹಾಲು ಡ್ರೈವರ್ ಸೀಟಿನ ಕಡೆಗೆ ಚೆಲ್ಲಿತು. "ನೋಡ್ದಾ, ಮುಂದಕ್ಕೇ ಉಕ್ತು" ಅಂದರು ದೊಡ್ಡಪ್ಪ. ಆಗಲೇ ದೊಡ್ಡಮ್ಮ ಮಂಚದಿಂದ ಎದ್ದಳು. ತಲೆಯ ಮೇಲಿನ ಕಂಬಿ ಹಿಡಿದಳು. ಒಂದೇ ಕಾಲಿನಲ್ಲಿ ಕುಂಟುತ್ತ, ಒಂದು ಕಂಬಿಯಿಂದ ಇನ್ನೊಂದು ಕಂಬಿಗೆ ಕೈ ಬದಲಿಸುತ್ತ ಒಲೆಯ ತನಕ ನಡೆದು ಉರಿ ತಗ್ಗಿಸಿದಳು. ಮನೆಯಲ್ಲಿ ಎರಡು ವರ್ಷ ಹಾಸಿಗೆ ಬಿಟ್ಟು ಏಳದವಳು. ದೊಡ್ಡಪ್ಪ ಕಿಟಕಿಯ ಆಚೆಗೆ ತಿರುಗಿ ನಿಂತುಬಿಟ್ಟರು.

ನನಗೆ ಬಸ್ಸು ಕಲಿಸಿದ್ದೂ ಆಗಲೇ. ಕಾರಿನ ಲೈಸೆನ್ಸು ಮೊದಲೇ ಇತ್ತು. ದೊಡ್ಡ ಗಾಡಿಯದ್ದನ್ನೂ ಮಾಡಿಸಿಕೊಳ್ಳುವ ತನಕ ಅವರು ಬಿಡಲಿಲ್ಲ. ಮೇಲುಕೋಟೆಯ ಇಳಿಜಾರಿನಲ್ಲಿ ಪಕ್ಕದಲ್ಲಿ ಕೂತು ಹೇಳುವರು: "ಇಳಿಯೋವಾಗ ಬ್ರೇಕ್ ನಂಬಬ್ಯಾಡ ಮಗ, ಗೇರ್ ನಂಬು." ಗಂಡನ ಮನೆಯಿಂದ ಬಂದಮೇಲೆ ನನ್ನ ಕೈಗೆ ಏನನ್ನಾದರೂ ನಂಬಿ ಕೊಟ್ಟವರು ಅವರೊಬ್ಬರೇ.

ಅಷ್ಟರಲ್ಲಿ ದೊಡ್ಡಮ್ಮನ ಉಳಿದ ಕಾಲಿನ ಹೆಬ್ಬೆರಳು ಕಪ್ಪಾಯಿತು. ಈ ಕಾಲೂ ಹೆಚ್ಚು ದಿನ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದರು. ಮುಂದಿನ ವಾರವೇ ಸಮುದ್ರಕ್ಕೆ ಅಂತ ತೀರ್ಮಾನವಾಯಿತು. ಅದಕ್ಕೆ ಮುಂಚೆ ಗಾಡಿ ಪರೀಕ್ಷೆಗೆ ಅಂತ ಕರಿಘಟ್ಟಕ್ಕೆ ಹೋದೆವು. ಬೆಟ್ಟದ ಬುಡದಲ್ಲಿ, ಲೋಕಪಾವನಿಯ ದಡದಲ್ಲಿ ನಿಲ್ಲಿಸಿ ಮುದ್ದೆ ಉಂಡೆವು. ಒಂದು ಗಳಿಗೆ ಮಲಗುತ್ತೇನೆ ಅಂತ ದೊಡ್ಡಪ್ಪ ಮಂಚದ ಮೇಲೆ ಒರಗಿದರು. ಏಳಲಿಲ್ಲ. ಗಾಡಿಯನ್ನು ಮನೆಗೆ ನಾನೇ ಓಡಿಸಿಕೊಂಡು ಬಂದೆ.

ಸತ್ತ ಗಳಿಗೆಯ ನಕ್ಷತ್ರ ಸರಿಯಿಲ್ಲ ಅಂದರು ಪುರೋಹಿತರು. ನಮ್ಮ ಕಡೆ ಅಂಥ ಸಾವಾದರೆ, ಜೀವ ಹೋದ ಮನೆಯನ್ನು ಮೂರು ತಿಂಗಳು ಬಿಡುತ್ತಾರೆ. ಬಾಗಿಲಿಗೆ ಮುಳ್ಳು ಬಡಿದು ಎಲ್ಲರೂ ಬೇರೆ ಕಡೆ ಹೋಗುತ್ತಾರೆ. ಜೀವ ಹೋಗಿದ್ದು ಬಸ್ಸಿನಲ್ಲಿ. ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಚಿಕ್ಕಪ್ಪ ಬಸ್ಸಿನ ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಕಟ್ಟಿದ್ದರು. ಪುರೋಹಿತರೂ ಪಕ್ಕದಲ್ಲಿದ್ದರು. ದೊಡ್ಡಮ್ಮ ಮನೆಯ ಕಿಟಕಿಯಿಂದಲೇ ಕೂಗಿದಳು.

"ಆವತ್ತೇನಂದೆ? ಬಸ್ಸು ಯಾವತ್ತೂ ಮನೆ ಆಗಾಕಿಲ್ಲ ಅಂದೆ. ನಿಮ್ಮಣ್ಣ ಸತ್ ಮ್ಯಾಕೆ ಮನೆ ಆಗೋಯ್ತಾ?"

"ಆಲು ಉಕ್ಸಿಲ್ವಾ ಅತ್ತಿಗೆ? ಒಸ್ಲು ಇಕ್ಕಿಲ್ವಾ? ಅಂದ್ಮೇಲೆ ಮನೇನೇ."

"ಒಪ್ಕೊಂಡ್ಯಲ್ಲ, ಅಷ್ಟು ಸಾಕು ಅವ್ರಿಗೆ. ಈಗ ಕೇಳು. ಮನೆ ಬುಟ್ಟು ಓಗೋದು ನಿಮ್ ಶಾಸ್ತ್ರ. ನಾವು ಮನೇನೇ ತಕೊಂಡು ಓಯ್ತೀವಿ."

ಚಿಕ್ಕಪ್ಪ ಪುರೋಹಿತರ ಕಡೆ ನೋಡಿದರು. ಅವರು ಶಲ್ಯ ಸರಿಮಾಡಿಕೊಂಡು, "ಚಲಿಸುವ ಮನೆಗೆ ಏನು ವಿಧಿ ಹೇಳಿದೆಯೋ ನನಗಂತೂ ಗೊತ್ತಿಲ್ಲಪ್ಪ" ಅಂದರು.

"ಏನಾರ ಆದ್ರೆ ಅತ್ತಿಗೆ?"

"ಆಗೋದೆಲ್ಲ ಆಗೋಯ್ತಲ್ಲ."

ನಾನು ಮಾತಾಡುವವಳಲ್ಲ. ಹೋಗಿ ಮುಳ್ಳಿನ ಕೊಂಬೆ ಬಿಚ್ಚಿದೆ. ಅಂಗೈಗೆ ಎರಡು ಕಡೆ ಚುಚ್ಚಿತು. ದೊಡ್ಡಮ್ಮನ ಕುರ್ಚಿಯನ್ನು ಮನೆಯ ಹಿಂಬಾಗಿಲಿನಿಂದ ಇಳಿಸಿ, ಬಸ್ಸಿನ ಹಲಗೆ ಹತ್ತಿಸಿ, ಹೊಸಿಲು ದಾಟಿಸಿದೆ. ಡ್ರೈವರ್ ಸೀಟಿನಲ್ಲಿ ಕೂತೆ. ಚಿಕ್ಕಪ್ಪ ಗಾಡಿಯ ಮುಂದೆಯೇ ನಿಂತಿದ್ದರು.

"ದಾರಿ ಬುಡಿ ಚಿಕ್ಕಪ್ಪ" ಅಂದೆ.

ಬಿಟ್ಟರು.

ಕೆ.ಆರ್. ಪೇಟೆ ದಾಟಿ, ಹಾಸನ ದಾಟಿ, ಘಟ್ಟವನ್ನು ಗೇರು ನಂಬಿಕೊಂಡು ಇಳಿದೆ. ಸಮುದ್ರದ ಮರಳಿನಲ್ಲಿ ಗಾಲಿಕುರ್ಚಿ ಹೂತುಕೊಂಡಿತು. ಬಸ್ಸಿನ ಆ ಎರಡು ಹಲಗೆಗಳನ್ನೇ ತಂದೆ. ಒಂದರ ಮೇಲೆ ಕುರ್ಚಿ ತಳ್ಳುವುದು, ಇನ್ನೊಂದನ್ನು ಎತ್ತಿ ಮುಂದೆ ಹಾಸುವುದು. ಹೀಗೇ ನೀರಿನ ತನಕ ಹೋದೆವು. ದೊಡ್ಡಮ್ಮ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚು ಅಂದಳು. ಅಲೆ ಬಂದು ಪಾದ ಮುಳುಗಿಸಿತು.

"ಉರೀತದೆ ಕಣೆ."

"ತೆಗೀಲಾ?"

"ಉರೀಲಿ ಬುಡು."

ಮನೆ ಬಿಡಬೇಕಿದ್ದ ಆ ಮೂರು ತಿಂಗಳು ತುಂಬುವ ಮೊದಲೇ ಆ ಕಾಲನ್ನೂ ತೆಗೆದರು.

ಈಗಲೂ ತಿಂಗಳಿಗೊಮ್ಮೆ ನಾವಿಬ್ಬರೂ ಹೊರಡುತ್ತೇವೆ. ದೊಡ್ಡಮ್ಮ "ಮಹಿಳೆಯರಿಗೆ ಮಾತ್ರ" ಅನ್ನುವುದರ ಕೆಳಗೆ ಕೂತು ದಾರಿ ನೋಡುತ್ತಾಳೆ. ಮೊನ್ನೆ ನಾಗಮಂಗಲದ ರಸ್ತೆಯಲ್ಲಿ ಹಿಂದಿನಿಂದ ಕೂಗಿದಳು: "ನಿನ್ ಬಲಗೈ ನೋಡ್ಕೊಳ್ಳೆ, ಅವ್ರದ್ ಅಂಗೇ ಸುಟ್ಟೋಗೈತೆ. ಒಳಿಕ್ಕೆ ಎಳ್ಕೊ."

ನೋಡಿಕೊಂಡೆ. ಮೊಣಕೈಯನ್ನು ಕಿಟಕಿಯ ಮೇಲೆಯೇ ಬಿಟ್ಟೆ.